ಕ್ಯಾಮೆರಾ ಬಂದಾಗಲೆಲ್ಲ

ಸೊಲ್ಲಾಪುರ ರಸ್ತೆಯ ಫೋಟೋ ಅಂಗಡಿಯಲ್ಲಿ ನಾನು ಸರದಿಗೆ ಕಾಯುತ್ತಿದ್ದೆ. ನನ್ನ ಮುಂದಿದ್ದ ಮಿಲಿಂದ ಎಂಬಾತ ತನ್ನ ತಂದೆ ಸ್ಥಾಪಿಸಿದ ಜೋರಾಪುರ ಪೇಟೆಯ ಹವ್ಯಾಸಿ ನಾಟಕ ಸಂಘದ ಐವತ್ತನೇ ವರ್ಷದ ಪ್ರದರ್ಶನಕ್ಕೆ ಹಳೆಯ ಫೋಟೋಗಳನ್ನು ದೊಡ್ಡದು ಮಾಡಿಸುತ್ತಿದ್ದ. ಪಕ್ಕದಲ್ಲಿ ಸಂಘದ ಹಿರಿಯ ನಟಿ ಆನಂದೀಬಾಯಿ ಕನ್ನಡಕ ಏರಿಸಿ ಒಂದೊಂದನ್ನೇ ನೋಡುತ್ತಿದ್ದರು.

“ಇದರ ಕೆಳಗ ಏನ್ ಬರ್ಸೀಯಪಾ?”

“‘ನಾಯಕನ ಪಾತ್ರದಲ್ಲಿ ಸಂಸ್ಥಾಪಕರು, ಮತ್ತು ಇತರರು’ ಅಂತ್ರಿ, ಕಾಕೂ.”

“ಅಂದ್ರ ನಾ ಇತರರು?”

“ಜಾಗಾ ಕಡಿಮಿ ಇತ್ರಿ.”

“ನಿಮ್ಮಪ್ಪ ಪರದಾ ಎಳ್ಯಾವಪಾ. ಅವತ್ತ ಪರದಾ ಸಿಕ್ಕೊಂಡಿತ್ತು, ಬಿಡಸಾಕ ಸ್ಟೇಜಿಗೆ ಬಂದಿದ್ದ.”

“ಎಲ್ಲಾ ಫೋಟೋದಾಗೂ ನಡುವ ಅವ್ರೇ ಅದಾರಲ್ರಿ?”

“ಕ್ಯಾಮೆರಾ ಬಂದಾಗೆಲ್ಲಾ ಪರದಾ ಸಿಕ್ಕೋತಿತ್ತು.”

“ಕಿರೀಟಾ ಹಾಕ್ಕೊಂಡಾರಲ್ರಿ!”

“ಅದು ರಾಜನ ಪಾರ್ಟ್ ಮಾಡಿದ ಶ್ರೀಶೈಲಂದು. ಫೋಟೋ ಮುಗಿಯೂತನಾ ಪಾಪ ಬರಿತಲಿಲೆ ನಿಂತಿದ್ದ.”

ಅಂಗಡಿಯವನು ನಕ್ಕ. ಮಿಲಿಂದ ನಗಲಿಲ್ಲ.

“ಇದನ್ನ ಬದಲಿ ಮಾಡಿದ್ರ ಅವ್ವಗ ಬ್ಯಾಸರಾಗ್ತದ್ರಿ.”

“ನಿಮ್ಮವ್ವ ಮುಂದಿನ ಸಾಲಿನ್ಯಾಗ ಕುಂತಿದ್ಲು. ಎಲ್ಲಾರಕಿಂತ ಜೋರ್ ನಕ್ಕಾಕಿ ಅಕಿನೇ.”

ಮಿಲಿಂದ ಫೋಟೋವನ್ನು ಮತ್ತೊಮ್ಮೆ ನೋಡಿದ. ಕೊನೆಗೆ ಅಂಗಡಿಯವನಿಗೆ ಆ ಸಾಲನ್ನೇ ಅಳಿಸಲು ಹೇಳಿ, ಪೆನ್ನು ತೆಗೆದ.

“ಹೆಸ್ರು ಹೇಳ್ರಿ ಕಾಕೂ, ಬರಕೋತೇನಿ.”

“ಎಡಗಡೆಯಿಂದ ಬರಕೋ. ಆನಂದೀಬಾಯಿ, ನಾಯಕಿ. ಶ್ರೀಶೈಲ, ರಾಜಾ.”

“ಅಪ್ಪಾರ ಹೆಸರಿನ ಮುಂದ?”

“ಸಂಸ್ಥಾಪಕರು ಅಂತನ ಇರ್ಲಿ ಬಿಡು. ಆ ಪಾರ್ಟಿನ್ಯಾಗ ಬಾಯಿಪಾಠ ಮಾಡೂ ಮಾತು ಇರೂದಿಲ್ಲ.”

ಇಬ್ಬರೂ ಚಹಾ ಕುಡಿಯಲು ರಸ್ತೆ ದಾಟಿದರು.