ಬುಟ್ಟಿ ಇಳಿಸಬೇಡ

ಕೈರೋದ ಇಂಬಾಬಾದಲ್ಲಿ ರೊಟ್ಟಿ ಅಂಗಡಿಯ ಹೆಂಗಸರ ಸಾಲಿನಲ್ಲಿ ನಿಂತಿದ್ದ ದವ್ಲತ್‌ಳಿಗೆ ಬಿಸಿಲಿಗಿಂತ ಮುಂದಿನವರಿಬ್ಬರ ಜಗಳವೇ ಹೆಚ್ಚು ತಾಗುತ್ತಿತ್ತು.

"ನೋಡು ನನ್ನ ಕೈ, ಹೇಗೆ ಪರಚಿದೆ," ಎಂದಳು ನೆಲಮಹಡಿಯ ಉಮ್ಮ್ ವಾಯಿಲ್. "ನಾಲ್ಕು ದಿನದಿಂದ ನಮ್ಮ ಮೆಟ್ಟಿಲ ಬೆಕ್ಕಿಗೆ ಮಾತ್ರೆ ನುಂಗಿಸೋಕೆ ಒದ್ದಾಡ್ತಿದೀನಿ. ಮೀನಲ್ಲಿಟ್ಟೆ, ಚೀಸಲ್ಲಿಟ್ಟೆ. ಮೂಸಿ ಹೊರಟುಹೋಗುತ್ತೆ."

"ಹಸಿವಿಲ್ವೇನೋ, ಪಾಪ," ಎಂದಳು ಅದೇ ಕಟ್ಟಡದ ನಾಲ್ಕನೇ ಮಹಡಿಯ ಉಮ್ಮ್ ಶುಕ್ರಿ.

"ಹಸಿವೆಲ್ಲಿಂದ ಬರ್ಬೇಕು? ನೀನು ಬಾಲ್ಕನಿಯಿಂದ, ತರಕಾರಿ ಮೇಲೆಳೆಯೋ ಹಗ್ಗದ ಬುಟ್ಟಿಲಿ ಅದಕ್ಕೆ ಲಿವರ್ ಇಳಿಸ್ತೀಯಲ್ಲ. ಕಣ್ಣಾರೆ ಕಂಡೆ!"

"ಕೆಳಗೆ ನಿಂತು ಅತ್ತುಬಿಡ್ತು ಕಣೆ."

"ಶುಕ್ರವಾರದೊಳಗೆ ಅದರ ಮೂಗು ಸುರಿಯೋದು ನಿಲ್ಲದಿದ್ರೆ ಚೀಲಕ್ಕೆ ಹಾಕಿ ಊರಾಚೆ ಎಸೀತೀನಿ ಅಂದಿದ್ದಾನೆ ಮನೆ ಮಾಲೀಕ."

"ಅವನ ಮೂಗು ವರ್ಷವಿಡೀ ಸುರಿಯುತ್ತೆ. ಅವನನ್ನ ಯಾರು ಚೀಲಕ್ಕೆ ಹಾಕ್ತಾರೆ?"

ದವ್ಲತ್ ನಗು ನುಂಗಿದಳು. ಉಮ್ಮ್ ವಾಯಿಲ್ ನಗಲಿಲ್ಲ.

"ಮನೆ ಅವನದು, ಮೆಟ್ಟಿಲೂ ಅವನದು. ಬೆಕ್ಕಿಗೆ ಇರೋದು ನಾವಿಬ್ಬರೇ. ಇವತ್ತಿಂದ ಬುಟ್ಟಿ ಇಳಿಸಬೇಡ."

"ಮತ್ತೆ ನನ್ನ ತರಕಾರಿ?"

"ನಾನೇ ಹೊತ್ತು ತರ್ತೀನಿ."

"ಈ ನೋಯೋ ಮಂಡಿ ಇಟ್ಕೊಂಡು ನಾಲ್ಕು ಮಹಡಿ ಹತ್ತೀಯಾ?"

"ಬೈಕೊಂಡು ಹತ್ತೀನಿ!"

ಕಿಟಕಿಯಿಂದ ಬಿಸಿ ರೊಟ್ಟಿ ಬಂತು. ತಟ್ಟಿ ಅಂಟಿದ ತವುಡು ಕೊಡವಿ, ಎದೆಗವಚಿಕೊಂಡು ಇಬ್ಬರೂ ಹೊರಟರು.

"ಮಾತ್ರೆ ನುಂಗಿದ ಮೇಲಾದ್ರೂ ಒಂದು ತುಂಡು ಲಿವರ್ ಕೊಡಬಹುದಲ್ವೇನೇ?"

"ಮೇಲಿಂದ ಬೇಡ. ಕೆಳಗಿಳಿದು ಬಂದು ಕೊಡು. ನಾನು ಬಾಯಿ ತೆರೆಸುವಾಗ ಕಾಲು ಹಿಡಿಯೋಕೂ ಒಬ್ಬರು ಬೇಕು."