ಸಾಪಿಟ್ ಹಳ್ಳದ ಸೇತುವೆ ಮತ್ತು ಹತ್ತೊಂಬತ್ತು ನಕ್ಷೆಗಳು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಕೌಂಟಿ ಆಯುಕ್ತೆ ಮೇರಿಬೆತ್ ಓಕ್ಲಿ ಅವರೇ, ವೇದಿಕೆಯ ಮೇಲಿರುವ ಅಗ್ನಿಶಾಮಕ ದಳದ ಹಿರಿಯರೇ, ಒಳಗೆ ಹಕಲ್‌ಬೆರಿ ಹಣ್ಣಿನ ಪೈ ತಿಂಡಿ ಆರಿಹೋಗುತ್ತಿದೆ ಎಂದು ಗೊತ್ತಿದ್ದೂ ಎದ್ದುಹೋಗದೆ ಕುಳಿತಿರುವ ಲಾರ್ಚ್ ಕೌಂಟಿಯ ಸಭಿಕರೇ,

ಇಪ್ಪತ್ತೆಂಟು ವರ್ಷಗಳಿಂದ ಈ ಕೌಂಟಿಯ ನಕ್ಷೆ ಇಲಾಖೆಯನ್ನು ನಡೆಸುತ್ತಿದ್ದೇನೆ. ಆರಿನ್ ಸುಂಡ್‌ವಾಲ್ ಎಂದರೆ ನಕ್ಷೆ, ನಕ್ಷೆ ಎಂದರೆ ಆರಿನ್ ಸುಂಡ್‌ವಾಲ್ ಎಂದು ನೀವೇ ಹೇಳಿದ್ದೀರಿ, ನಾನೂ ನಂಬಿಬಿಟ್ಟಿದ್ದೆ. ಆದರೆ ಇಂದಿನ ಸನ್ಮಾನ ನನಗಲ್ಲ. ಎರಡನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿರುವ ರೊವೀನಾ ಟ್ರಾಸ್ಕ್ ಅವರಿಗೆ.

ರೊವೀನಾ ಯಾರು? ನಿಮ್ಮಲ್ಲಿ ಅರ್ಧ ಜನರ ಮಕ್ಕಳಿಗೆ ಗೊತ್ತು. ಹನ್ನೊಂದು ವರ್ಷ ಬೆಟ್ಟದ ಮೇಲಿನ ರಸ್ತೆಗಳಲ್ಲಿ ಶಾಲೆಯ ಬಸ್ಸು ಓಡಿಸಿದವರು. ಬೆನ್ನು ಕೈಕೊಟ್ಟಿತು. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಕಾಲೇಜಿಗೆ ಸೇರಿ, ಇಪ್ಪತ್ತರ ಹುಡುಗಿಯರ ಪಕ್ಕ ಕೂತು ನಕ್ಷೆಯ ಕೆಲಸ ಕಲಿತು ನಮ್ಮಲ್ಲಿಗೆ ಬಂದರು. ನಾನು ರಸ್ತೆಗಳನ್ನು ಕಂಪ್ಯೂಟರಿನಲ್ಲಿ ಬಲ್ಲೆ. ಅವರು ರಸ್ತೆಗಳನ್ನು ಬೆನ್ನುಮೂಳೆಯಲ್ಲಿ ಬಲ್ಲರು.

ಕಳೆದ ಜುಲೈಯಲ್ಲಿ ಒಂದು ದಿನ ಅವರು ತುರ್ತು ಕರೆ ಕೇಂದ್ರಕ್ಕೆ ಏನೋ ಕೊಡಲು ಹೋಗಿದ್ದರು. ಅಲ್ಲಿ ಕರೆ ಬಂದಾಗ ವಾಹನಗಳಿಗೆ ದಾರಿ ಹೇಳುವ ಲೂಎಲ್ಲಾ ಬ್ರಿಗ್ಸ್ ಅವರ ಮುಂದಿನ ಪರದೆಯಲ್ಲಿ ಸಾಪಿಟ್ ಹಳ್ಳದ ಮರದ ಸೇತುವೆ ಕಾಣಿಸಿತು. ಎರಡು ವರ್ಷದ ಹಿಂದೆ ಕಿತ್ತು ಹಾಕಿದ ಸೇತುವೆ! ನೇರ ನನ್ನ ಹತ್ತಿರ ಬಂದರು.

"ಆರಿನ್, ಆ ಸೇತುವೆ ಇನ್ನೂ ಇದೆ."

"ಎಲ್ಲಿದೆ ತಾಯಿ? ನಾನೇ ಅಳಿಸಿದೀನಿ. ಬೇಕಾದ್ರೆ ಡೇಟಾಬೇಸ್ ತೆಗೆದು ನೋಡು."

ತೆಗೆದು ನೋಡಿದರು. ಡೇಟಾಬೇಸಿನಲ್ಲಿ ಸೇತುವೆ ಇರಲಿಲ್ಲ. ನಾನು ಗೆದ್ದೆ ಎಂದುಕೊಂಡೆ.

"ಹಾಗಾದ್ರೆ ಲೂಎಲ್ಲಾ ನೋಡ್ತಿರೋ ರಸ್ತೆ ಎಲ್ಲಿಂದ ಬರ್ತಿದೆ?"

ಸ್ನೇಹಿತರೇ, ಇದು ಚಿಕ್ಕ ಪ್ರಶ್ನೆಯೇ? ನಕ್ಷೆ ಎಂದರೆ ಪದರಗಳು. ಒಂದರ ಮೇಲೊಂದು, ರಸ್ತೆಯದು, ಹೊಳೆಯದು, ಮನೆಗಳದು. ಪದರದ ಹೊಟ್ಟೆಯಲ್ಲಿ ಏನೂ ಇರುವುದಿಲ್ಲ. ಅದು ಎಲ್ಲೋ ಇರುವ ಡೇಟಾಬೇಸಿನಿಂದ ತಂದು ತೋರಿಸುತ್ತದೆ, ಅಷ್ಟೆ. ಪದರದ ಹಣೆಯ ಮೇಲಿನ ಹೆಸರನ್ನು ಯಾರು ಬೇಕಾದರೂ ಬರೆಯಬಹುದು. ಲೂಎಲ್ಲಾ ನೋಡುತ್ತಿದ್ದ ಪದರದ ಹೆಸರು 'ಈಗಿನ ರಸ್ತೆಗಳು' ಎಂದಿತ್ತು! ನದಿಮೂಲ, ಋಷಿಮೂಲ ಕೆದಕಬಾರದಂತೆ. ಪದರದ ಮೂಲವನ್ನು ಮಾತ್ರ ಕೆದಕಲೇಬೇಕು.

ಆದರೆ ನಮ್ಮಲ್ಲಿದ್ದ ನಕ್ಷೆಗಳು ನಾನೂರಕ್ಕೂ ಹೆಚ್ಚು, ಪದರಗಳು ಏಳು ಸಾವಿರದ ಹತ್ತಿರ. ಒಂದೊಂದನ್ನೂ ತೆರೆದು, ಒತ್ತಿ, ಓದುತ್ತಾ ಹೋದರೆ ಕ್ರಿಸ್‌ಮಸ್ ಬರುತ್ತದೆ. "ಬಿಡು, ಆ ಒಂದನ್ನ ಸರಿ ಮಾಡಿ ಸುಮ್ನಿರು" ಎಂದೆ. ರೊವೀನಾ ಸುಮ್ಮನಿರಲಿಲ್ಲ. ಒಂದು ಪುಟ್ಟ ಪ್ರೋಗ್ರಾಂ ಬರೆದರು. ಅದು ಪ್ರತಿ ನಕ್ಷೆಯನ್ನೂ ತೆರೆದು, ಪ್ರತಿ ಪದರವನ್ನೂ ನಿಲ್ಲಿಸಿ, 'ನಿನ್ನ ಡೇಟಾಬೇಸ್ ಯಾವುದು, ಎಲ್ಲಿದೆ?' ಎಂದು ಕೇಳಿ ಬರೆದುಕೊಳ್ಳಬೇಕು. ಮೊದಲ ಸಲ ಮೂರನೆಯ ನಕ್ಷೆಯಲ್ಲೇ ಮುಗ್ಗರಿಸಿತು. ನಾನು ನಕ್ಕೆ. ಹೌದು, ನಕ್ಕೆ. ಅವರು ಒಂದು ಗಂಟೆ ಪರದೆ ನೋಡಿ, "ಕೆಲವು ಬರೀ ಗುಂಪಿನ ಹೆಸರು ಕಣ್ರೀ, ಒಳಗೆ ಬೇರೆ ಪದರಗಳಿರ್ತವೆ. ಗುಂಪಿಗೆ ಮೂಲ ಎಲ್ಲಿಂದ ಬರ್ಬೇಕು? ಅದನ್ನ ದಾಟ್ಕೊಂಡು ಹೋಗು ಅಂದ್ರಾಯ್ತು" ಎಂದು ಒಂದು ಸಾಲು ಸೇರಿಸಿದರು. ಊಟದಿಂದ ಬರುವಷ್ಟರಲ್ಲಿ ಪಟ್ಟಿ ಸಿದ್ಧ.

ಹತ್ತೊಂಬತ್ತು ನಕ್ಷೆಗಳು ಕೌಂಟಿಯ ಡೇಟಾಬೇಸನ್ನು ಮುಟ್ಟಿಯೇ ಇರಲಿಲ್ಲ. ಒಂಬತ್ತು ವರ್ಷ ಹಳೆಯ ಒಂದು ನಕಲಿನಿಂದ ಓದುತ್ತಿದ್ದವು. ಆ ನಕಲು ನನ್ನ ಮೇಜಿನ ಕೆಳಗಿನ ಹಳೆಯ ಕಂಪ್ಯೂಟರಿನಲ್ಲಿ, 'ಆರಿನ್ ತಾತ್ಕಾಲಿಕ' ಎಂಬ ಹೆಸರಿನಲ್ಲಿ ಇತ್ತು.

ಇದನ್ನು ಇಲ್ಲಿ ಹೇಳಬೇಕೆಂದು ಬಂದಿರಲಿಲ್ಲ. ಬಾಯಿಗೆ ಬಂತು, ಹೇಳಿಬಿಡುತ್ತೇನೆ. ಆಗ ಸರ್ವರ್ ತೀರಾ ನಿಧಾನವಾಗಿತ್ತು. ರಸ್ತೆಗಳನ್ನು ನನ್ನ ಯಂತ್ರಕ್ಕೆ ಇಳಿಸಿಕೊಂಡು ಕೆಲಸ ಮುಗಿಸಿದೆ. ಸೋಮವಾರ ಸರಿಪಡಿಸೋಣ ಎಂದುಕೊಂಡೆ. ಅಂದು ಅಷ್ಟು ಅವಸರ ಏಕಿತ್ತು? ಕಳೆದ ಜುಲೈಯಲ್ಲಿ ರೊವೀನಾ ಕೇಳಿದಾಗ, ಆಗ ಹೆಂಡತಿಗೆ ಹುಷಾರಿರಲಿಲ್ಲ ಎಂದಿದ್ದೆ. ಹೆಂಡತಿ ಹ್ಯಾರಿಯೆಟ್ ಮೂರನೆಯ ಸಾಲಿನಲ್ಲಿದ್ದಾಳೆ, ಅವಳ ಮುಖ ನನಗೆ ಇಲ್ಲಿಂದಲೇ ಕಾಣುತ್ತಿದೆ. ಸರಿ. ಮರುದಿನ ಟ್ರೌಟ್ ಮೀನು ಹಿಡಿಯುವ ಋತುವಿನ ಮೊದಲ ದಿನ. ಅದಕ್ಕೆ.

ನಗಿ, ನಗಿ. ಆ ಪಟ್ಟಿಯನ್ನು ರೊವೀನಾ ಯಾರಿಗೂ ತೋರಿಸಲಿಲ್ಲ. ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದು ನನ್ನ ಮೇಜಿನ ಮೇಲಿಟ್ಟರು. ಆಗಲಾದರೂ ನಾನು ಎದ್ದೆನೆ? "ಕಾಡಿನ ಬೆಂಕಿಯ ಕಾಲ ಇದು, ಈಗ ಕೈ ಹಾಕಿ ಇನ್ನೇನಾದ್ರೂ ಕೆಟ್ರೆ? ಅಕ್ಟೋಬರಲ್ಲಿ ನೋಡೋಣ" ಎಂದೆ.

ಅವರು ಕುರ್ಚಿ ಎಳೆದುಕೊಂಡು ಕೂತರು. "ಆರಿನ್, ಆ ಹಳ್ಳದ ತಿರುವಲ್ಲಿ ಬಸ್ ತಿರುಗಿಸೋಕೆ ಜಾಗ ಇಲ್ಲ. ಒಂದು ಕಡೆ ಬಂಡೆ, ಒಂದು ಕಡೆ ಕಮರಿ. ಹೊಗೇಲಿ ಒಳಗೆ ಹೋದವರು ವಾಪಸ್ ಬರಲ್ಲ. ನೀವೂ ಪಕ್ಕದಲ್ಲಿ ಕೂತ್ಕೊಳ್ಳಿ, ಇವತ್ತೇ ಮುಗಿಸೋಣ."

ಕೂತೆ. ಅಂದೇ, ಮಂಗಳವಾರ ಮಧ್ಯಾಹ್ನ, ಹತ್ತೊಂಬತ್ತನ್ನೂ ಕೌಂಟಿಯ ಡೇಟಾಬೇಸಿಗೆ ತಿರುಗಿಸಿದೆವು. ಲೂಎಲ್ಲಾ ಅವರ ಪರದೆಯಿಂದ ಸೇತುವೆ ಮಾಯವಾಯಿತು.

ಅಲ್ಲಿಂದ ಹನ್ನೊಂದನೆಯ ದಿನ ಬೆಂಕಿ ಬಂತು. ಸರೋವರದ ದಡದ ಬೇಸಿಗೆ ಶಿಬಿರದಲ್ಲಿ ಅರವತ್ಮೂರು ಜನರಿದ್ದರು, ಎಲ್ಲರೂ ಹೊರಗಿನವರು. ಅವರನ್ನು ಕರೆತರಲು ಪಕ್ಕದ ಕೌಂಟಿಯಿಂದ ಎರಡು ಬಸ್ಸು ಬಂದವು; ಚಾಲಕರಿಗೂ ದಾರಿ ಗೊತ್ತಿಲ್ಲ. ಹೊರಡುವಾಗ ಒಬ್ಬ ಚಾಲಕ ರೇಡಿಯೋದಲ್ಲಿ ಕೂಗಿದ: "ಅಲ್ಲಮ್ಮಾ, ಕೆಳಗಿನ ದಾರಿ ಹತ್ತಿರ ಅಂತಾರೆ ಇಲ್ಲಿ! ನೀನು ಉತ್ತರಕ್ಕೆ ಸುತ್ತಿಸ್ತೀಯಲ್ಲ, ನಿನ್ನ ಮ್ಯಾಪಿಗೆ ತಲೆ ಕೆಟ್ಟಿದೆಯಾ?"

ಲೂಎಲ್ಲಾ ಹೇಳಿದ್ದು ಧ್ವನಿಮುದ್ರಣದಲ್ಲಿದೆ. "ಕೆಟ್ಟಿತ್ತು ಸ್ವಾಮಿ, ಹೋದ ವಾರ ಸರಿಯಾಯ್ತು. ಕೆಳಗೆ ಸೇತುವೆ ಇಲ್ಲ. ಮಾತು ಸಾಕು, ಉತ್ತರಕ್ಕೆ ತಿರುಗಿಸಿ."

ತಿರುಗಿಸಿದ. ನಲವತ್ತು ನಿಮಿಷ ಹೆಚ್ಚು ಹಿಡಿಯಿತು. ಅರವತ್ಮೂರು ಜನರೂ ಮಸಿ ಮೆತ್ತಿದ ಮುಖದಲ್ಲಿ ಹೆದ್ದಾರಿಗೆ ಬಂದಿಳಿದರು. ಸಂಜೆಯ ಹೊತ್ತಿಗೆ ಸಾಪಿಟ್ ಹಳ್ಳದ ತಿರುವಿನಲ್ಲಿ ಒಂದು ಮರವೂ ಉಳಿದಿರಲಿಲ್ಲ.

ಮರುವಾರ ಮೇರಿಬೆತ್ ಅವರು ನನ್ನಿಂದ ವರದಿ ಕೇಳಿದರು. ಬರೆದುಕೊಟ್ಟೆ. 'ದತ್ತಾಂಶದಲ್ಲಿದ್ದ ಹಳೆಯ ದೋಷವೊಂದನ್ನು ಇಲಾಖೆ ಸಕಾಲದಲ್ಲಿ ಪತ್ತೆಹಚ್ಚಿತು.' ಸೊಗಸಾದ ವಾಕ್ಯ. ಪತ್ರಿಕೆಯಲ್ಲೂ ಬಂತು. ರೊವೀನಾ ಅದನ್ನು ಓದಿದರು, ಮಡಚಿಟ್ಟು ಮತ್ತೆ ಕೆಲಸಕ್ಕೆ ಕೂತರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಧ್ಯಕ್ಷರೇ, ಆ ವಾಕ್ಯವನ್ನು ನಾಳೆ ಬೆಳಿಗ್ಗೆ ತಿದ್ದಿ ಕೊಡುತ್ತೇನೆ. 'ಇಲಾಖೆ' ಎಂದಿರುವಲ್ಲಿ ರೊವೀನಾ ಟ್ರಾಸ್ಕ್ ಎಂದಿರುತ್ತದೆ. 'ಹಳೆಯ ದೋಷ' ಎಂದಿರುವಲ್ಲಿ ಆರಿನ್ ಸುಂಡ್‌ವಾಲ್ ಎಂದಿರುತ್ತದೆ. ನನ್ನನ್ನು ಏನು ಮಾಡುತ್ತೀರೋ ಅದು ನಿಮಗೆ ಬಿಟ್ಟದ್ದು; ನಾನು ತಲೆಯೆತ್ತಿಯೇ ಬರುತ್ತೇನೆ.

ರೊವೀನಾ, ಮೇಲೆ ಬನ್ನಿ. ಬರುವುದಿಲ್ಲವೇ? ತಲೆ ಆಡಿಸುತ್ತಿದ್ದಾರೆ. ಹಾಗಾದರೆ ಈ ಫಲಕ ಹಿಡಿದುಕೊಂಡು ನಾನೇ ಕೆಳಗಿಳಿದು ಬರುತ್ತೇನೆ. ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ, ಮುಖ್ಯವಾಗಿ ಮೂರನೆಯ ಸಾಲಿಗೆ, ನನ್ನ ವಂದನೆಗಳು. ನಮಸ್ಕಾರ.