ವಿಲೀನದ ಬಗ್ಗೆ ಹಿರಿಯ ಷಡ್ಡಕನ ಓಟು

ನಮ್ಮ ಕಂಪ್ಯೂಟರ್ ಕಂಪನಿಯು ಎದುರಾಳಿ ಕಂಪನಿಯನ್ನು ವಿಲೀನ ಮಾಡಿಕೊಳ್ಳಬೇಕೇ ಬೇಡವೇ ಎಂದು ಓಟು ಹಾಕಲು ಷೇರುದಾರರು ಸಾಲಾಗಿ ನಿಂತಿದ್ದೆವು. ನನ್ನ ಮುಂದೆ ಇಬ್ಬರು ಷಡ್ಡಕರಿದ್ದರು. ಮತಚೀಟಿ ಹಿಡಿದಿದ್ದ ಹಿರಿಯನದು ಕಂಪ್ಯೂಟರ್ ರಿಪೇರಿ ಅಂಗಡಿ. ಜೊತೆಗೆ ಬಂದಿದ್ದ ಕಿರಿಯನ ಷೇರುಗಳೆಲ್ಲ ಆ ಎದುರಾಳಿಯಲ್ಲಿದ್ದವು.

“ಬೇಡ ಅಂತಲೇ ಹಾಕ್ತೀರಾ, ಭಾವ?”

“ಮತ್ತೆ? ನಮ್ಮ ಕಂಪ್ಯೂಟರಿಗೆ ಯಾರ ಬಿಡಿಭಾಗ ಬೇಕಾದ್ರೂ ಕೂರತ್ತೆ. ನಿಮ್ಮದರ ಸ್ಕ್ರೂ ಬಿಚ್ಚೋಕೂ ನಿಮ್ಮ ಕಂಪನಿಯ ಸ್ಕ್ರೂಡ್ರೈವರೇ ಆಗಬೇಕು. ನಾಳೆ ನಮ್ಮದನ್ನೂ ಹಾಗೇ ಮಾಡಿದ್ರೆ ಯಾರು ಕೊಳ್ತಾರೆ?”

“ಅಕ್ಕ ಬೇರೇನೋ ಹೇಳಿದ್ರು.”

“ಏನಂತೆ ಅವಳದು?”

“ವಿಲೀನದ ಸುದ್ದಿ ಬಂದ ದಿನ ನನ್ನ ಷೇರು ಒಂದೂವರೆ ಪಟ್ಟಾಯ್ತು, ನಿಮ್ಮದು ಇಳೀತು. ಅವತ್ತು ನೀವು ಊಟಾನೇ ಮಾಡ್ಲಿಲ್ವಂತೆ.”

“ಹನ್ನೆರಡು ವರ್ಷ ಕಾವಿಗೆ ಕೂತವನು ನಾನು ಕಣಯ್ಯಾ. ನೀನು ಹೋದ ತಿಂಗಳು ಬಂದು ಮರಿ ಎಣಿಸ್ತಿದೀಯ.”

“ಇದು ಮುರಿದುಬಿದ್ರೆ ನನ್ನದು ನೆಲ ಕಚ್ಚತ್ತೆ, ಒಪ್ಕೋತೀನಿ. ಆದ್ರೆ ಅದರಿಂದ ನಿಮ್ಮದೇನೂ ಏರಲ್ಲ, ಭಾವ.”

ಸಾಲು ಮುಂದೆ ಸರಿಯಿತು. ಹಿರಿಯ ಜೇಬಿನಿಂದ ಪೆನ್ನು ತೆಗೆದ.

“ಏರ್ಲಿ ಅಂತ ನಾನೆಲ್ಲಿ ಹೇಳ್ದೆ?” ಎನ್ನುತ್ತ ಓಟು ಹಾಕುವ ಕೋಣೆಯೊಳಗೆ ಹೋದ.